ತಗಡಿನ ತುತ್ತೂರಿ, ತೇಗದ ಪೆಟ್ಟಿಗೆ

ನ್ಯಾಮತಿಯ ಓಂಕಾರಪ್ಪನಿಗೆ ನಾಲ್ಕು ಜನರ ಬಾಯಲ್ಲಿ ಒಳ್ಳೆಯವನು ಅನ್ನಿಸಿಕೊಳ್ಳುವ ಚಪಲ. ಚಪಲಕ್ಕೆ ತಕ್ಕಷ್ಟು ಒಳ್ಳೆಯತನವೂ ಅವನಲ್ಲಿತ್ತು, ತೊಂದರೆಯಾದದ್ದೇ ಅದರಿಂದ. ಪೂರಾ ಕೆಟ್ಟವನಾಗಿದ್ದರೆ ಹೆಂಡತಿ ಸಾವಂತ್ರಮ್ಮ ಒಂದು ದಿನ ಬಾಯಿ ಮಾಡಿ, ಗಂಟು ಕಟ್ಟಿಕೊಂಡು ಸವಳಂಗದ ತವರಿಗೆ ಹೋಗಿಬಿಡುತ್ತಿದ್ದಳು. ಒಳ್ಳೆಯ ಗಂಡನ ಮೇಲೆ ಏನೆಂದು ದೂರುವುದು, ಯಾರ ಹತ್ತಿರ ದೂರುವುದು?

ಎರಡನೇ ಮಹಾಯುದ್ಧ ಶುರುವಾದ ವರ್ಷ ಅವಳಿಗೆ ಚಳಿಜ್ವರ ಹಿಡಿಯಿತು. ಕ್ವಿನೈನ್ ಗುಳಿಗೆ ನುಂಗಿಸಿ ನುಂಗಿಸಿ ಜೀವ ಉಳಿಸಿದರು. ಜ್ವರ ಬಿಟ್ಟಿತು, ಬಿಡುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಮಕ್ಕಳೂ ಇರಲಿಲ್ಲ. ಬಂಧುಬಳಗದವರು ಓಂಕಾರಪ್ಪನಿಗೆ ಇನ್ನೊಂದು ಹೆಣ್ಣು ನೋಡಿದರು. ಅವನು ಒಲ್ಲೆ ಅಂದ. ಒಲ್ಲೆ ಅಂದದ್ದು ಊರಿಗೆಲ್ಲ ತಿಳಿಯುವ ಹಾಗೆ ಅಂದ. ಆವತ್ತಿನಿಂದ ಸಾವಂತ್ರಮ್ಮ ಬಾವಿಕಟ್ಟೆಗೆ ಹೋದರೂ ಹೆಂಗಸರು ಅವಳನ್ನು ನೋಡಿ, ಎಂಥಾ ಗಂಡನ ಪಡೆದೆಯಮ್ಮ ಎಂಬಂತೆ ಕೈ ಮುಗಿಯತೊಡಗಿದರು.

ಅವಳಿಗೆ ಹಾಡು ಕೇಳಿಸದಿದ್ದದ್ದು ದುಃಖವಲ್ಲ, ಹರಿಕಥೆ ತಪ್ಪಿದ್ದಕ್ಕೂ ಕೊರಗಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಗಂಡನ ದನಿ. ಅಕ್ಕಿ ಗಿರಣಿಯಿಂದ ಬಂದು ಕಾಲಿಗೆ ನೀರು ಹಾಕಿಕೊಳ್ಳುತ್ತಲೇ ಅವನು ಮಾತು ಶುರು ಮಾಡುತ್ತಿದ್ದ. ಬೆಲ್ಟು ಹರಿದದ್ದು, ಗುಮಾಸ್ತನ ಪೆದ್ದುತನ, ಭತ್ತ ತಂದ ಗಾಡಿಯ ಎತ್ತು ಎಂಜಿನ್ ಸದ್ದಿಗೆ ಬೆದರಿ ಓಡಿದ್ದು. ತಟ್ಟೆಯ ಮುಂದೆ ಕೂತರೂ ನಿಲ್ಲದ ದಪ್ಪ ದನಿ. ಅವಳ ಹೆಸರು ಕರೆಯುವಾಗ ಕೊನೆಯಲ್ಲಿ ಒಂದಿಷ್ಟು ಎಳೆಯುತ್ತಿದ್ದ. ಆ ಎಳೆತ ಅವಳಿಗೆ ತಾಳಿಗಿಂತ ಹೆಚ್ಚಿನದಾಗಿತ್ತು. ಕಿವಿ ಹೋದ ಮೇಲೆ ಅವನ ತುಟಿ ನೋಡಿ ಅರ್ಧ ಮಾತು ಹಿಡಿಯುವುದನ್ನು ಕಲಿತಳು. ಅಷ್ಟರಲ್ಲಿ ಅವನು ಪುರಸಭೆಯ ಮೆಂಬರಾದ, ಮೆಂಬರಿಗೆ ತಕ್ಕ ಮೀಸೆ ಬಿಟ್ಟ. ಮೀಸೆ ಬೆಳೆದು ತುಟಿಯನ್ನು ಮುಚ್ಚಿತು, ಅವಳಿಗೆ ಆ ಅರ್ಧವೂ ಹೋಯಿತು. ಮೆಂಬರಿಗೆ ಮೀಸೆ ತೆಗೆಯಿರಿ ಅನ್ನುವುದು ಹೇಗೆ ಎಂದು ಸುಮ್ಮನಾದಳು. ಅವನಿಗೂ ಮನೆಯಲ್ಲಿ ಮಾತಾಡುವ ಅಭ್ಯಾಸ ತಪ್ಪಿಹೋಯಿತು. ಏನಾದರೂ ಹೇಳಬೇಕಾದರೆ ಅಡಿಗೆಯ ಉಡಚಮ್ಮನಿಗೆ ಹೇಳುತ್ತಿದ್ದ, ಅವಳು ಬಾಯಿ ಅಗಲಿಸಿ ಕೈಸನ್ನೆ ಮಾಡಿ ದಾಟಿಸುತ್ತಿದ್ದಳು.

ಯುದ್ಧ ಮುಗಿದ ಮರುವರ್ಷ ಓಂಕಾರಪ್ಪ ಹೆಂಡತಿಗಾಗಿ ಲೌಡ್‌ಸ್ಪೀಕರ್ ತರಿಸುತ್ತಾನೆ ಎಂಬ ಸುದ್ದಿ ಹಬ್ಬಿತು. ಹಬ್ಬಿಸಿದವನು ಅವನೇ. ದೊಡ್ಡ ಸದ್ದಾದರೆ ಕಿವುಡರಿಗೂ ಕೇಳಿಸುತ್ತದಂತೆ ಎಂದು ಹೊನ್ನಾಳಿಯ ಅಮಲ್ದಾರರು ಯಾವಾಗಲೋ ಒಂದು ಮಾತು ಹೇಳಿದ್ದರು. ಚನ್ನಗಿರಿಯ ಖಾಜಾಸಾಬ್‌ಗೆ ಹೇಳಿ ಕಳಿಸಿದ. ಖಾಜಾಸಾಬ್ ಮದುವೆಗಳಿಗೆ ಗ್ಯಾಸ್‌ಲೈಟು, ಮೈಕು ಬಾಡಿಗೆಗೆ ಕೊಡುವವನು. ಬೆಂಗಳೂರಿನಿಂದ ರೇಡಿಯೋ, ಗ್ರಾಮಫೋನ್ ತಂದು ಸಾಹುಕಾರರಿಗೆ ಮಾರುತ್ತಲೂ ಇದ್ದ. ಒಂದು ಭಾನುವಾರ ಲಾರಿಯಲ್ಲಿ ಎರಡು ಜೊತೆ ಸಾಮಾನು ಹೇರಿಕೊಂಡು ಬಂದಿಳಿದ.

ಒಂದು ಜೊತೆ ಮಿಲಿಟರಿ ಹರಾಜಿನಲ್ಲಿ ಹಿಡಿದದ್ದು. ಬೂದುಬಣ್ಣದ ಕಬ್ಬಿಣದ ಡಬ್ಬಿಯಂಥ ಆಂಪ್ಲಿಫೈಯರ್, ಒಂದು ಮೈಕು, ಬಾಯಗಲದ ತಗಡಿನ ತುತ್ತೂರಿ. ಇನ್ನೊಂದು ಹೊಸದು. ಕನ್ನಡಿಯಂತೆ ಪಾಲಿಶ್ ಮಾಡಿದ ತೇಗದ ಪೆಟ್ಟಿಗೆ, ಮುಂದೆ ಜರಿ ಎಳೆಯ ಬಟ್ಟೆ, ಒಳಗೇ ಗ್ರಾಮಫೋನು, ಆಂಪ್ಲಿಫೈಯರ್, ಹಿಂದಿನಿಂದ ಬಗ್ಗಿ ನೋಡಿದರೆ ಕೆಂಪಗೆ ಉರಿಯುವ ಗಾಜಿನ ವಾಲ್ವುಗಳು. ಖಾಜಾಸಾಬ್ ಮಾರಬೇಕೆಂದಿದ್ದದ್ದು ತೇಗದ್ದನ್ನು. ತುತ್ತೂರಿ ಅವನ ಅನ್ನದ ದಾರಿ, ಮದುವೆ ಕಾಲ ಎದುರಿಗಿತ್ತು. ಅದನ್ನು ಕೊಡುವ ಮನಸ್ಸೇ ಅವನಿಗಿರಲಿಲ್ಲ. ಒರಟನ್ನು ಪಕ್ಕಕ್ಕಿಟ್ಟರೆ ನಯದ ಬೆಲೆ ತಾನಾಗಿ ಏರುತ್ತದೆಂದು ಜೊತೆಗೆ ತಂದಿದ್ದ, ಸೀರೆ ಅಂಗಡಿಯವರು ಮೊದಲು ಒರಟು ಕೋರಾ ಸೀರೆ ಬಿಡಿಸುವ ಹಾಗೆ.

ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಅಮಲ್ದಾರರು, ಊರಿನ ನಾಲ್ಕು ಹಿರಿಯರು ಬಂದು ಕೂತರು. ಸಾವಂತ್ರಮ್ಮ ನಡುಮನೆಯ ಹೊಸ್ತಿಲ ಒಳಗೆ, ಉಡಚಮ್ಮನ ಪಕ್ಕ ಕೂತಳು. ಖಾಜಾಸಾಬ್ ಲಾರಿಯ ಬ್ಯಾಟರಿಗೆ ತಂತಿ ಸಿಕ್ಕಿಸಿ, ತುತ್ತೂರಿಯನ್ನು ಅವಳ ಕಡೆಗೇ ತಿರುಗಿಸಿಟ್ಟು, ಗ್ರಾಮಫೋನಿನ ಮೇಲೆ ಹಾಡಿನ ಪ್ಲೇಟು ಹಾಕಿದ. ಮೊದಲು ಅವಳಿಗೆ ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಏನೋ ಸರಸರ ಅನ್ನಿಸಿತು. ಆಮೇಲೆ ಆ ಸರಸರದೊಳಗಿಂದ ಒಂದು ಹೆಣ್ಣುದನಿ ಎದ್ದಿತು. ಅವಳು ಉಡಚಮ್ಮನ ಮೊಣಕೈ ಹಿಡಿದುಕೊಂಡಳು.

ಅಲ್ಲಿ ನಡೆದ ಮಾತನ್ನೆಲ್ಲ ಆಮೇಲೆ ಉಡಚಮ್ಮ ಹಿತ್ತಲಲ್ಲಿ ಕೂತು ಅವಳಿಗೆ ಸನ್ನೆಯಲ್ಲಿ ಬಿಡಿಸಿ ಹೇಳಿದಳು. ಅಮಲ್ದಾರರು ಮುಖ ಕಿವುಚಿ, "ಏನ್ರೀ ಇದು, ನಾಟಕದ ಟೆಂಟಿನ ಗಲಾಟೆ ಇದ್ದಂಗೈತೆ" ಅಂದರಂತೆ. ಖಾಜಾಸಾಬ್‌ಗೆ ಬೇಕಾದದ್ದೂ ಅದೇ. "ಇದ್ರಾಗೆ ಮೈಕೂ ಐತ್ರಿ ಸಾವ್ಕಾರ್ರೆ, ಒಂದು ಮಾತು ಆಡ್ರಿ, ತಮಾಷೆ ನೋಡ್ರಿ" ಎಂದು ಓಂಕಾರಪ್ಪನ ಕೈಗೆ ಮೈಕು ಕೊಟ್ಟ.

ಓಂಕಾರಪ್ಪ ನಗುತ್ತ ಅದನ್ನು ಮೀಸೆಯ ಹತ್ತಿರ ಹಿಡಿದು, "ಸಾವಂತ್ರೀ... ಕೇಳಿಸ್ತೈತಾ?" ಅಂದ.

ಕೇಳಿಸಿತು. ಒರಟಾಗಿ, ತಗಡು ತಗಡಾಗಿ, ಆದರೆ ಅವನದೇ ದನಿ, ಕೊನೆಯ ಆ ಎಳೆತದ ಸಮೇತ. ಸಾವಂತ್ರಮ್ಮ ಎರಡೂ ಕೈ ಕಿವಿಗೆ ಕೊಟ್ಟುಕೊಂಡಳು. ಕಣ್ಣಲ್ಲಿ ನೀರು ದಳದಳ ಇಳಿಯಿತು. ಅಷ್ಟು ಸುಖವನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ.

"ಸಾಕು, ಸಾಕು, ತೆಗೀರಿ ಸಾಬ್ರೆ. ಅವಳ ಕಿವಿಗೆ ಬಡೀತೈತೆ, ಅಳಾಕೆ ಹತ್ತ್ಯಾಳೆ" ಎಂದು ಓಂಕಾರಪ್ಪ ಮೈಕು ಕೆಳಗಿಟ್ಟ. ಖಾಜಾಸಾಬ್ ಅವಳ ಮುಖ ನೋಡಿದ. ಬಾಡಿಗೆ ಸಾಮಾನಿನ ಮುಂದೆ ನೂರು ಮದುವೆಯ ಮುಖಗಳನ್ನು ನೋಡಿದವನು, ನೋವಿಗೂ ಇದಕ್ಕೂ ವ್ಯತ್ಯಾಸ ಅವನಿಗೆ ಗೊತ್ತಾಗದೆ ಇರಲಿಲ್ಲ. ಆದರೂ ತಂತಿ ಬಿಚ್ಚಿ ತೇಗದ ಪೆಟ್ಟಿಗೆಗೆ ಸಿಕ್ಕಿಸಿದ.

ಅದು ಯಾವಾಗ ಶುರುವಾಗುತ್ತದೆಂದು ಸಾವಂತ್ರಮ್ಮ ಕಾದಳು. ಅಮಲ್ದಾರರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುವುದನ್ನು ನೋಡಿದ ಮೇಲೆ, ಆಗಲೇ ಶುರುವಾಗಿದೆ ಎಂದು ತಿಳಿಯಿತು. ಎಲ್ಲರ ಮುಖದ ಮೇಲೂ ಹೋಳಿಗೆಯೂಟ ಮುಗಿಸಿದ ಕಳೆ ಇತ್ತು. ಅವಳಿಗೆ ಒಂದು ಪಿಸುಮಾತಿನಷ್ಟೂ ಕೇಳಿಸಲಿಲ್ಲ. ಗಂಡಸರ ಸಭೆಯಲ್ಲಿ ಬಾಯಿ ತೆರೆದವಳಲ್ಲ, ಆವತ್ತು ತೆರೆದಳು.

"ರೀ, ಮೊದ್ಲಿನದೇ ಇರ್ಲಿ. ಅದೇ ಸಾಕು ನಂಗೆ."

ಕಿವುಡರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. ಮೆಲ್ಲಗೆ ಹೇಳಿದೆನೆಂದು ಅವಳು ತಿಳಿದಿದ್ದಳು, ಮಾತು ಬೀದಿಗೆ ಕೇಳಿಸಿತು. ಹಿರಿಯರು ನಕ್ಕರು. ಓಂಕಾರಪ್ಪ ಮೊದಲು ಪೆಚ್ಚಾದ, ಆಮೇಲೆ ಅವನ ಮುಖ ಅರಳಿತು. "ನೋಡಿದ್ರಾ ಬುದ್ಧಿಯವರೆ? ಅದು ಅಗ್ಗದ್ದು ಅಂತ ಅದನ್ನೇ ಕೇಳ್ತಾಳೆ. ಗಂಡನ ದುಡ್ಡು ಉಳಿಸಾಕೆ ನೋಡ್ತಾಳೆ" ಅಂದ. ಅಮಲ್ದಾರರು ತಲೆದೂಗಿ, ಮನೆಯ ಲಕ್ಷ್ಮಿ ಅಂದರೆ ಹೀಗಿರಬೇಕು ಅಂದರು. ಅಷ್ಟು ದೊಡ್ಡವರು ಹಾಗಂದ ಮೇಲೆ ಗಂಡನಾದವನು ಅಗ್ಗದ್ದನ್ನು ಕೊಳ್ಳುವುದುಂಟೆ? ತೇಗದ ಪೆಟ್ಟಿಗೆ ಪಡಸಾಲೆಯಲ್ಲಿ ಉಳಿಯಿತು. ತುತ್ತೂರಿ ಲಾರಿ ಹತ್ತಿತು.

ರಾತ್ರಿ ಉಡಚಮ್ಮ ಧೈರ್ಯ ಮಾಡಿ, "ಅವ್ವಾರಿಗೆ ತುತ್ತೂರಿಯಾಗೆ ನಿಮ್ಮ ದನಿ ಕೇಳಿಸ್ತಂತ್ರಿ ಅಪ್ಪಾರೆ" ಅಂದಳು. ಓಂಕಾರಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಗೊತ್ತು ಬಿಡೆ. ಅವಳು ಹಂಗೇ ಅನ್ನೋದು. ಅವಳ ಮನಸ್ಸು ನಂಗೊತ್ತಿಲ್ವಾ?" ಎಂದು ಮುದ್ದಾಗಿ ನಕ್ಕ. ಉಡಚಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅಲ್ಲಿಂದ ದಿನಾ ಸಂಜೆ ಒಂದು ವ್ರತ ಶುರುವಾಯಿತು. ಪೆಟ್ಟಿಗೆಯ ಮುಂದೆ ಸಾವಂತ್ರಮ್ಮನಿಗೆ ಒಂದು ಬೆತ್ತದ ಕುರ್ಚಿ. ಯಾರಾದರೂ ಬಂದು ಕೂತಿರುತ್ತಿದ್ದರು. ಬಾರದಿದ್ದರೆ ಓಂಕಾರಪ್ಪ ಹೇಳಿ ಕಳಿಸುತ್ತಿದ್ದ. ಪ್ಲೇಟು ಹಾಕಿ ಅವಳ ಕಡೆ ತಿರುಗಿ, ಹೇಗಿದೆ ಎಂದು ಬೆರಳೆತ್ತುತ್ತಿದ್ದ. ಎಲ್ಲರೂ ಅವಳನ್ನು ನೋಡುತ್ತಿದ್ದರು. ಅವಳು ಚೆನ್ನಾಗಿದೆ ಎಂದು ತಲೆಯಾಡಿಸುತ್ತಿದ್ದಳು. ಗಂಡನ ಮಾನ ಕಾಯುವುದು ಅಂದರೆ ಇಷ್ಟೇ ತಾನೆ, ಕುತ್ತಿಗೆಗೇನು ಖರ್ಚು ಎಂದುಕೊಂಡಳು. ಬರಬರುತ್ತ ಯಾರಾದರೂ ಸುಮ್ಮನೆ ತನ್ನ ಕಡೆ ನೋಡಿದರೂ ತಲೆ ತಾನಾಗಿ ಆಡತೊಡಗಿತು. ಒಳಗೊಳಗೆ ಅವಳಿಗೆ ಒಂದೇ ಆಸೆ: ಆ ತುತ್ತೂರಿ ಇನ್ನೊಮ್ಮೆ ಎಲ್ಲಾದರೂ ಸಿಗಬೇಕು, ಅದರಲ್ಲಿ ಗಂಡ ಇನ್ನೊಮ್ಮೆ ಮಾತಾಡಬೇಕು, ಏನು ಬೇಕಾದರೂ ಆಡಲಿ.

ಸಿಕ್ಕಿತು. ಜಗಳೂರಿನಲ್ಲಿ ಓಂಕಾರಪ್ಪನ ದೊಡ್ಡಪ್ಪನ ಮಗ ಮುರುಗೇಶಪ್ಪನ ಮಗಳ ಮದುವೆ. ಚಪ್ಪರದ ಕಂಬದ ಮೇಲೆ ಅದೇ ತುತ್ತೂರಿ, ಕೆಳಗೆ ಅದೇ ಬೂದುಬಣ್ಣದ ಡಬ್ಬಿಯ ಪಕ್ಕ ಖಾಜಾಸಾಬ್. ಸದ್ದು ತಡೆಯಲಾರದೆ ಉಳಿದ ಹೆಂಗಸರು ಕಂಬದಿಂದ ದೂರ ಸರಿದರು, ಸಾವಂತ್ರಮ್ಮ ಹೋಗಿ ಕಂಬಕ್ಕೆ ಒರಗಿಯೇ ಕೂತಳು. ವಾಲಗ ಕೇಳಿಸಿತು, ಪುರೋಹಿತರ ಮಂತ್ರ ಕೇಳಿಸಿತು. ಮುಹೂರ್ತವಾದ ಮೇಲೆ ಮುರುಗೇಶಪ್ಪ, ನೀನು ಮೆಂಬರು, ವಧೂವರರಿಗೆ ನಾಲ್ಕು ಮಾತು ಹೇಳು ಎಂದು ಓಂಕಾರಪ್ಪನನ್ನು ಎಬ್ಬಿಸಿದ. ಅವನು ಮೈಕಿನ ಕಡೆ ಹೋಗುವುದನ್ನು ಕಂಡು ಅವಳ ಎದೆ ಹೊಸ ಮದುವಣಗಿತ್ತಿಯ ಹಾಗೆ ಹೊಡೆದುಕೊಂಡಿತು. ಸೆರಗು ಸರಿ ಮಾಡಿಕೊಂಡಳು.

"ಗಂಡ ಹೆಂಡ್ತಿ ಹೆಂಗಿರ್ಬೇಕು ಅಂತ ನನ್ನ ನೋಡಿ ಕಲೀರಪ್ಪ" ಎಂದು ಶುರುವಾಯಿತು ದಪ್ಪ ದನಿ. "ನನ್ನ ಹೆಂಡ್ತಿಗೆ ಕಿವಿ ಕೇಳ್ಸಲ್ಲ, ನಿಮಗೆಲ್ಲಾ ಗೊತ್ತೈತೆ. ಇನ್ನೊಂದು ಮಾಡ್ಕೊ ಅಂದ್ರು. ಮಾಡ್ಕೊಂಡ್ನಾ? ಇಲ್ಲ. ಮನೆಗೆ ಹೋದ್ರೆ ಒಂದು ಮಾತು ಆಡಾಕೆ ಜನ ಇಲ್ಲ, ಗೋಡೆ ಜೊತೆ ಬಾಳ್ವೆ ಮಾಡ್ದಂಗೆ. ಆದ್ರೂ ಮಾಡ್ತಾ ಇದೀನಿ. ಗೋಡೆ ವಾಸಿ ಬಿಡ್ರಿ, ಎದುರು ಮಾತಾಡಲ್ಲ." ಜನ ನಕ್ಕರು. ಆ ನಗುವೂ ಮೈಕಿಗೆ ಸಿಕ್ಕಿ ತುತ್ತೂರಿಯಿಂದ ಇಳಿಯಿತು. "ಅಲ್ಲೇ ಕೂತಾಳೆ ನೋಡ್ರಿ, ಅವಳೆದುರಿಗೇ ಹೇಳ್ತಿದೀನಿ, ಅವಳಿಗೇನು ಗೊತ್ತಾಗ್ತೈತೆ? ಅಂಥವಳಿಗೆ ಬೆಂಗಳೂರಿಂದ ತೇಗದ ಪೆಟ್ಟಿಗೆ ತರ್ಸಿ ಕೊಟ್ಟೀನಿ. ಈಗ ದಿನಾ ಹಾಡು ಕೇಳ್ತಾಳೆ."

ಚಪ್ಪರವೆಲ್ಲ ಸಾವಂತ್ರಮ್ಮನ ಕಡೆ ತಿರುಗಿತು. ಅವಳ ತಲೆ ತಾನಾಗಿ ಆಡಿತು. ಜನ ಚಪ್ಪಾಳೆ ತಟ್ಟಿದರು.

ಅವಳು ಊಟಕ್ಕೆ ಏಳಲಿಲ್ಲ. ಹಸಿವಿಲ್ಲವೆಂದು ಸನ್ನೆ ಮಾಡಿ ಕಂಬದ ಬುಡದಲ್ಲೇ ಕೂತಿದ್ದಳು. ಇಷ್ಟು ವರ್ಷ ಕಾದದ್ದು ಈ ಮಾತಿಗೋ ಎಂದು ಅನ್ನಿಸಿತು.

ಅತ್ತ ಕೈ ತೊಳೆದು ಬಂದ ಓಂಕಾರಪ್ಪನನ್ನು ಖಾಜಾಸಾಬ್ ಹಿಡಿದ. ಮದುವೆ ಕಾಲ ಮುಗಿಯುತ್ತ ಬಂದಿತ್ತು, ಅವನು ಇದಕ್ಕಿಂತ ಒಳ್ಳೆಯ ಮೈಕ್‌ಸೆಟ್‌ಗೆ ಬೆಂಗಳೂರಿನಲ್ಲಿ ಹೇಳಿಯೂ ಬಂದಿದ್ದ. ಹಳೆಯದನ್ನು ಸಾಗಹಾಕುವ ಹೊತ್ತಿಗೆ ಸರಿಯಾಗಿ ಅವನಿಗೆ ಕರುಣೆ ಹುಟ್ಟಿತು. "ಸಾವ್ಕಾರ್ರೆ, ಆವತ್ತು ಅಮ್ಮಾರು ನೋವಿಗೆ ಅತ್ತಿದ್ದಲ್ಲ. ಈ ತುತ್ತೂರಿಯಾಗೆ ಅವ್ರಿಗೆ ನಿಮ್ಮ ಮಾತು ಕೇಳಿಸ್ತೈತೆ. ಬೇಕಾದ್ರೆ ನೋಡ್ರಿ, ಕಂಬ ಬಿಟ್ಟು ಎದ್ದಿಲ್ಲ ಅವ್ರು. ಇದ್ನ ತಗೊಂಡು ಹೋಗ್ರಿ ಮನೆಗೆ" ಅಂದ.

ಓಂಕಾರಪ್ಪನ ಮುಖದ ರಕ್ತ ಇಳಿಯಿತು. ಕಂಬದ ಬುಡದಲ್ಲಿ ಕೂತವಳನ್ನು ನೋಡಿದ, ಮೇಲಿದ್ದ ತುತ್ತೂರಿಯನ್ನು ನೋಡಿದ. ಮೈಕು ತೆಗೆದುಕೊಂಡು, ತಂತಿ ಸಾಲುವಷ್ಟು ದೂರ ಅವಳ ಹತ್ತಿರಕ್ಕೆ ಬಂದು ನಿಂತ. ಉಡಚಮ್ಮ ಅವಳ ಪಕ್ಕದಲ್ಲಿದ್ದಳು. ಎಲೆ ಎತ್ತುತ್ತಿದ್ದವರು, ಎಲೆ ಅಡಿಕೆಗೆ ಕೂತವರು ಇತ್ತ ನೋಡಿದರು.

"ಸಾವಂತ್ರೀ... ಕೇಳಿಸ್ತೈತಾ?"

ಅದೇ ದನಿ, ಅದೇ ಎಳೆತ. ಅವನ ಮೀಸೆಯ ಮೇಲೆ ಬೆವರು ಕೂತಿತ್ತು. ಅವನು ಕೇಳುತ್ತಿದ್ದದ್ದು ಈಗ ಕೇಳಿಸುತ್ತದೆಯೇ ಎಂದಲ್ಲ, ಆಗ ಕೇಳಿಸಿತೇ ಎಂದು. ಹೌದು ಅಂದರೆ ತುತ್ತೂರಿ ಮನೆಗೆ ಬರುತ್ತಿತ್ತು, ದಿನಾ ಈ ದನಿ ಬರುತ್ತಿತ್ತು. ಸಾವಂತ್ರಮ್ಮ ಅವನ ಕಣ್ಣನ್ನು ನೋಡಿ, ಇಲ್ಲ ಎಂದು ತಲೆ ಅಲ್ಲಾಡಿಸಿದಳು.

ಓಂಕಾರಪ್ಪನ ಹೆಗಲು ಇಳಿಯಿತು, ಉಸಿರು ಹೊರಬಿತ್ತು. ಹೆಂಡತಿಗೆ ಕೇಳಿಸಲಿಲ್ಲವೆಂದು ಅವನಿಗೆ ಸಮಾಧಾನವಾದದ್ದು ಅವಳಿಗೆ ಎದ್ದು ಕಂಡಿತು. ಅದನ್ನು ತಿಳಿಯಲು ಕಿವಿ ಬೇಕಾಗಿರಲಿಲ್ಲ. ಅವನು ಮೈಕನ್ನು ಕೆಳಗಿಳಿಸಿ ಖಾಜಾಸಾಬ್ ಕಡೆ ತಿರುಗಿ, ಪಾಪ, ಇಲ್ಲವಂತೆ ಎಂದು ಕೈ ಆಡಿಸಿದ.

ಉಡಚಮ್ಮ ಅವಳ ಮೊಣಕೈ ತಿವಿದು, ಯಾಕೆ ಸುಳ್ಳಾಡಿದಿರಿ ಎಂದು ಸನ್ನೆಯಲ್ಲಿ ಕೇಳಿದಳು. ಸಾವಂತ್ರಮ್ಮ ಅವಳ ಕಿವಿಯ ಹತ್ತಿರ ಬಗ್ಗಿ, ಯಾರಿಗೂ ಕೇಳಿಸಬಾರದೆಂದು ಬಲು ಮೆಲ್ಲಗೆ ಹೇಳಿದಳು. ಮೆಲ್ಲಗೆ ಎಂದು ಅವಳು ತಿಳಿದದ್ದು. ಓಂಕಾರಪ್ಪನ ಕೈಯಲ್ಲಿದ್ದ ಮೈಕು ಇನ್ನೂ ಆರಿರಲಿಲ್ಲ. ತಲೆಯ ಮೇಲಿನ ತಗಡಿನ ಬಾಯಿಂದ ಒಂದು ಹೆಂಗಸಿನ ದನಿ ಚಪ್ಪರದ ಮೇಲೆಲ್ಲ ಬಿತ್ತು.

"ಕೇಳಿಸ್ತು ಕಣೆ ಉಡಚಿ. ಗೋಡೆ ಅಂದಿದ್ದೂ ಕೇಳಿಸ್ತು."

ಯಾರದು ಇಷ್ಟು ಒಡಕು ದನಿ ಎಂದು ಅವಳು ತಲೆಯೆತ್ತಿ ನೋಡಿದಳು. ಅದು ತನ್ನದೇ ಎಂದು ತಿಳಿಯಲು ತುಸು ಹೊತ್ತು ಹಿಡಿಯಿತು. ಚಪ್ಪರದಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದ್ದರು. ಓಂಕಾರಪ್ಪ ಮೈಕು ಹಿಡಿದುಕೊಂಡೇ ನಿಂತಿದ್ದ. ಸಾವಂತ್ರಮ್ಮ ಈ ಸಲ ತಲೆಯಾಡಿಸಲಿಲ್ಲ.