ಟಕ್‌ಟಕ್ ಮೇಷ್ಟ್ರ ಡ್ಯಾಶ್‌ಬೋರ್ಡು

ನಮ್ಮನೆಯವರು ಹಲ್ಲಿನ ಡಾಕ್ಟರು. ವಾರವಿಡೀ ಕಂಡವರ ಬಾಯಿಗೆ ಕೈ ಹಾಕುವ ಮನುಷ್ಯ ಭಾನುವಾರವಾದರೂ ಸುಮ್ಮನೆ ಕೂರಬಾರದೆ? ಕೂರುವುದಿಲ್ಲ. ಅವರ ಭಾನುವಾರಗಳನ್ನೆಲ್ಲ ನಮ್ಮಪ್ಪನ ಹಳೇ ಕಾರು ನುಂಗಿ ನೀರು ಕುಡಿದಿದೆ.

ಅಪ್ಪ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದವರು. ಸ್ಕೂಲೆಂದರೆ ಒಂದು ಕಾರು, ಒಬ್ಬ ಮೇಷ್ಟ್ರು, ಅಷ್ಟೆ. ನಮ್ಮೂರಲ್ಲಿ ಸ್ಟೀರಿಂಗ್ ಹಿಡಿಯುವವರಲ್ಲಿ ಅರ್ಧ ಜನ ಅವರ ಕೈಯಲ್ಲಿ ಕಲಿತವರು. ಕೈಯಲ್ಲಿ ಎಂದರೆ ನಿಜವಾಗಿಯೂ ಕೈಯಲ್ಲೇ. ಕಾರಿನೊಳಗೆ ಅಪ್ಪ ಬಾಯಿ ಬಿಡುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು, ನಡುಬೆರಳಿನ ಗೆಣ್ಣಿನಿಂದ ಡ್ಯಾಶ್‌ಬೋರ್ಡಿನ ಮರದ ಹಲಗೆಯನ್ನು ತಟ್ಟುತ್ತಿದ್ದರು. ಒಂದು ತಟ್ಟಿದರೆ ನಿಧಾನ, ಎರಡು ತಟ್ಟಿದರೆ ಗೇರು ಬದಲಿಸು, ಮೂರು ತಟ್ಟಿದರೆ ನಿಲ್ಲಿಸು. ಬೇರೆ ಸ್ಕೂಲುಗಳಲ್ಲಿ ಮೇಷ್ಟ್ರ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ಅದು ಮೇಷ್ಟ್ರಿಗೇ ಅವಮಾನ ಎಂದು ಅಪ್ಪನ ಮತ. ಇಡೀ ದಾರಿ ಒಂದೂ ಟಕ್ ಬೀಳದೆ ಮನೆ ಮುಟ್ಟಿದ ದಿನ ಶಿಷ್ಯ ಪಾಸಾದ ಎಂದು ಲೆಕ್ಕ. ಹೀಗಾಗಿ ಅವರಿಗೆ ಟಕ್‌ಟಕ್ ಮೇಷ್ಟ್ರು ಎಂದೇ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಕರೆದರೂ ಈಗ ಅವರಿಗೆ ಕೇಳುವುದಿಲ್ಲ. ಕಿವಿ ಮಂದವಾಗಿದೆ. ಕಿವಿ ಮಂದ ಎಂದು ಪಕ್ಕದ ಕೋಣೆಯಲ್ಲಿ ಪಿಸುಗುಟ್ಟಿದರೆ ಮಾತ್ರ ಚೆನ್ನಾಗಿ ಕೇಳಿಸುತ್ತದೆ.

ಇಂಥವರ ಅಳಿಯನಾಗುವುದು ಹುಡುಗಾಟವಲ್ಲ. ಮದುವೆಯಾದ ಹೊಸದರಲ್ಲಿ ನಮ್ಮನೆಯವರು ತಮ್ಮ ಚಿಕ್ಕ ಕಾರಿನಲ್ಲಿ ಮಾವನನ್ನು ಪಕ್ಕಕ್ಕೆ ಕೂರಿಸಿಕೊಂಡು ಬ್ಯಾಂಕಿನ ತಿರುವಿನವರೆಗೆ ಹೋಗಿ ಬಂದರು. ಅಷ್ಟೇ. ಮರುದಿನದಿಂದ ಅಪ್ಪ ಹಿಂದಿನ ಸೀಟು ಹಿಡಿದರು. ಮುಂದೆ ಬನ್ನಿ ಎಂದು ಎಷ್ಟು ಕರೆದರೂ ಹಿಂದೆ ಕಾಲು ಚಾಚಬಹುದು ಎನ್ನುತ್ತಾರೆ. ನಮ್ಮ ಕಾರಿನ ಹಿಂದೆ ಕಾಲು ಚಾಚಬೇಕಾದರೆ ಕಿಟಕಿಯಿಂದ ಹೊರಗೆ ಹಾಕಬೇಕು.

ಊರಿನ ಅರ್ಧ ಹಲ್ಲುಗಳು ನಂಬುವ ಡಾಕ್ಟರನ್ನು ಸ್ವಂತ ಮಾವ ನಂಬುವುದಿಲ್ಲವಲ್ಲ ಎಂಬುದು ನಮ್ಮನೆಯವರ ಕೊರಗು. ಬಾಯಿಬಿಟ್ಟು ಹೇಳಿಕೊಂಡವರಲ್ಲ. ಆದರೆ ಮಂಡಿನೋವು ಬಂದು ಅಪ್ಪ ಸ್ಕೂಲು ಮುಚ್ಚಿ, ಕಾರು ನಮ್ಮ ಮನೆಯ ಶೆಡ್ಡು ಸೇರಿದಾಗ, ಅದನ್ನು ಹೊಸದರ ಹಾಗೆ ಮಾಡಿಕೊಡುತ್ತೇನೆಂದು ಇವರು ಮುಂದೆ ಬಿದ್ದದ್ದು ಸುಮ್ಮನೆ ಅಲ್ಲ. ಆ ಕಾರಿನಲ್ಲಿ ಮಾವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಒಂದು ಟಕ್ ಹಾಕಿಸಿಕೊಳ್ಳದೆ ಊರು ಸುತ್ತಿ ಬರಬೇಕು. ಇವರಿಗೆ ಬೇಕಾಗಿದ್ದದ್ದು ಇಷ್ಟೇ.

ಎಂಜಿನ್ನು, ಬಣ್ಣ, ಸೀಟು ಎಲ್ಲ ಮುಗಿದು ಕೊನೆಗೆ ಡ್ಯಾಶ್‌ಬೋರ್ಡಿನ ಸರದಿ ಬಂತು. ಹಳೇ ಹಲಗೆ ಉದ್ದಕ್ಕೆ ಸೀಳಿತ್ತು, ಮೇಲಿನ ಪಾಲಿಶ್ ಎದ್ದಿತ್ತು, ಅಪ್ಪ ತಟ್ಟುತ್ತಿದ್ದ ಕಡೆ ಒಂದು ಗುಳಿ ಬಿದ್ದಿತ್ತು. ನಮ್ಮನೆಯವರು ಹಣೆಗೆ ಕ್ಲಿನಿಕ್ಕಿನ ದೀಪ ಕಟ್ಟಿಕೊಂಡು, ಬಾಯಿ ನೋಡುವ ಕನ್ನಡಿಯನ್ನು ಹಿಡಿದು, ಸ್ಟೀರಿಂಗಿನ ಕೆಳಗೆ ಅಂಗಾತ ಮಲಗಿದರು. ಸ್ಪೀಡೋಮೀಟರಿನ ಹಿಂದಿನ ನಟ್ಟು ಆ ಕನ್ನಡಿಯಲ್ಲಿ ಮಾತ್ರ ಕಾಣುತ್ತದಂತೆ. ವೈರುಗಳು ಅದಲುಬದಲಾಗದಿರಲೆಂದು ಒಂದೊಂದಕ್ಕೂ ಚೀಟಿ ಅಂಟಿಸಿದರು. ಮೇಲಿನ ದವಡೆ ಬಲಕ್ಕೆ, ಕೆಳಗಿನ ಕೋರೆ, ಹೀಗೆ. ಬುದ್ಧಿಹಲ್ಲು ಯಾವುದೆಂದು ಕೇಳಿದೆ. ಹಾರನ್ನಿನ ವೈರು ಎಂದರು, ಅದೇ ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಎಂದು ನನ್ನ ಕಡೆಗೊಮ್ಮೆ ನೋಡಿದರು.

ಹೊಸ ಡ್ಯಾಶ್‌ಬೋರ್ಡು ಸಾಮಾನ್ಯದ್ದಲ್ಲ. ಅದೇ ಕಾರಿನ ಶ್ರೀಮಂತರ ಮಾದರಿಯಲ್ಲಿ ಹಲಗೆಯ ಮೇಲೆ ಸ್ಪಂಜು ಹಾಕಿ ರೆಕ್ಸಿನ್ ಹೊದಿಸುತ್ತಿದ್ದರಂತೆ. ಮಾವನಿಗೆ ಶ್ರೀಮಂತರದ್ದೇ ಆಗಲಿ ಎಂದು ಇವರು ಸೋಫಾ ಹೊಲಿಯುವವನ ಹತ್ತಿರ ಹೋಗಿ, ಎರಡು ಬೆರಳು ದಪ್ಪದ ಸ್ಪಂಜು ಹಾಕಿಸಿ, ಅಂಚಿಗೆ ಬಿಳಿ ದಾರದ ಹೊಲಿಗೆ ಕೊಡಿಸಿ ತಂದರು. ನೋಡಲು ಎರಡು ಕಣ್ಣು ಸಾಲದು. ಒತ್ತಿದರೆ ಹಸುಗೂಸಿನ ಕೆನ್ನೆಯ ಹಾಗಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಹಿಂದಿನ ಬೀದಿಯ ತಮ್ಮ ಮನೆಯಿಂದ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಕಾರನ್ನು ಒಂದು ಸುತ್ತು ಹಾಕಿದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಯಾರೂ ಹೇಳದೆಯೇ ಮುಂದಿನ ಬಾಗಿಲು ತೆಗೆದು ಕೂತರು. ನಮ್ಮನೆಯವರ ಕಿವಿ ಕೆಂಪಗಾಯಿತು. ನಾನು ಹಿಂದೆ ಕೂತೆ.

ನಮ್ಮನೆಯವರು ಆ ದಿನ ಓಡಿಸಿದ ಪರಿಯನ್ನು ಏನೆಂದು ಹೇಳಲಿ. ಡ್ರೈವರನ ಕಣ್ಣು ರಸ್ತೆ ಬಿಟ್ಟು ಅಲುಗಬಾರದೆಂಬುದು ಅಪ್ಪನ ಮೊದಲ ಪಾಠವೆಂದು ಕೇಳಿದ್ದರಲ್ಲ, ಕತ್ತಿಗೆ ಪಟ್ಟಿ ಹಾಕಿದವರಂತೆ ಎದುರಿಗೇ ನೋಡುತ್ತಿದ್ದರು. ಬ್ಯಾಂಕಿನ ತಿರುವು ಬಂತು, ಏರು ಬಂತು, ಸೇತುವೆ ಬಂತು. ಎಂಜಿನ್ನು ಚೂರು ನರಳಿದ್ದು ಬಿಟ್ಟರೆ ಎಲ್ಲೂ ಸದ್ದಿಲ್ಲ. ಅಪ್ಪನ ಮೊಣಕೈ ಆಗಾಗ ಮೇಲೆ ಕೆಳಗೆ ಆಗುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಪಾಪ, ಆ ಮೆತ್ತನೆಯ ರೆಕ್ಸಿನ್ನನ್ನು ಮುಟ್ಟಿ ಮುಟ್ಟಿ ಸಂತೋಷಪಡುತ್ತಿದ್ದಾರೆ ಎಂದುಕೊಂಡೆ.

ಸೇತುವೆ ದಾಟಿ ಕಾರು ತಿರುಗಿಸಲೆಂದು ನಿಲ್ಲಿಸಿದಾಗ ಅಪ್ಪ ಇಳಿದರು. ಬಂದು ನನ್ನ ಪಕ್ಕ ಹಿಂದಿನ ಸೀಟಿನಲ್ಲಿ ಕೂತರು. ಹಿಂದೆ ಕಾಲು ಚಾಚಬಹುದು ಎಂದರು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮನೆಯವರೆಗೂ ಕಿಟಕಿಯಾಚೆ ನೋಡುತ್ತಿದ್ದರು.

ಮನೆಗೆ ಬಂದದ್ದೇ ನಮ್ಮನೆಯವರು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. ಮುಖ ಊರಗಲವಾಗಿತ್ತು.

“ಒಂದೇ ಒಂದು ಸಲ ತಟ್ಟಲಿಲ್ಲ ನಿಮ್ಮಪ್ಪ. ನಾನು ಪಾಸಾದೆ ಕಣೇ.”

ಪಾಸಾದವನ ಪಕ್ಕದಿಂದ ಎದ್ದು ಹಿಂದಕ್ಕೇಕೆ ಬಂದರು ಎಂದು ಕೇಳಿದೆ. ಪಾಠ ಮುಗಿಯಿತಲ್ಲ, ಇನ್ನು ಮುಂದೇಕೆ ಕೂರಬೇಕು ಎಂದರು. ಉತ್ಸಾಹದ ಮನುಷ್ಯನಿಗೆ ಸಮಾಧಾನ ಹುಡುಕುವುದು ಕಷ್ಟವಲ್ಲ. ನಾನು ಟೀ ಹಿಡಿದುಕೊಂಡು ಜಗಲಿಗೆ ಹೋದೆ. ಅಪ್ಪ ಕಪ್ಪು ತೆಗೆದುಕೊಳ್ಳಲು ಕೈ ಚಾಚಿದಾಗ ನೋಡುತ್ತೇನೆ, ನಡುಬೆರಳಿನ ಗೆಣ್ಣು ಕೆಂಪಗೆ ಕಂದಿಹೋಗಿದೆ.

“ಅಳಿಯನಿಗೆ ತಟ್ಟೋದು ಸರಿಯಲ್ಲ ಅಂತ ಇಷ್ಟು ವರ್ಷ ಹಿಂದೆ ಕೂತೆ ಕಣಮ್ಮ. ಮುಂದೆ ಕೂತ್ರೆ ಕೈ ಸುಮ್ನಿರಲ್ಲ. ಇವತ್ತು ನಮ್ಮ ಕಾರಲ್ವಾ ಅಂತ ಧೈರ್ಯ ಮಾಡಿ ತಟ್ಟಿದೆ. ದಾರಿ ಪೂರ್ತಿ ತಟ್ಟಿದೆ. ಡಾಕ್ಟ್ರು ಕಿವಿಗೇ ಹಾಕ್ಕೊಳ್ಲಿಲ್ಲ.”

ನನಗೆ ನಗು ತಡೆಯಲಾಗಲಿಲ್ಲ. ಅಪ್ಪನ ಮುಖ ನೋಡಿದರೆ ಅಳು ಬರುತ್ತಿತ್ತು, ಆದರೂ ನಗು ಮೊದಲು ಬಂತು. ಇವರ ಮೇಲೆ ನಂಬಿಕೆಯಿಲ್ಲದೆ ಹಿಂದೆ ಕೂತವರಲ್ಲ ಅಪ್ಪ, ಮರ್ಯಾದೆಗೆ ಕೂತವರು. ಇವರೋ ಮಾವನ ಬೆರಳಿಗೆ ಹಾಸಿಗೆ ಹಾಸಿಕೊಟ್ಟು ಪಾಸಾದವರು. ಸ್ಪಂಜಿನ ಮೇಲೆ ತಟ್ಟಿದ್ದು ಇವರಿಗೆ ಕೇಳಲಿಲ್ಲ, ಸದ್ದೇ ಬರಲಿಲ್ಲವೆಂಬುದು ಅಪ್ಪನ ಮಂದ ಕಿವಿಗೆ ಗೊತ್ತಾಗಲಿಲ್ಲ.

ಅಪ್ಪನಿಗೆ ಆಗಲೇ ಬಿಡಿಸಿ ಹೇಳಿದೆ. ಕೇಳಿ, ಹೂಂ ಎಂದರು. ಮಗಳು ಗಂಡನನ್ನು ಬಿಟ್ಟುಕೊಡುವವಳಲ್ಲ ಎಂಬಂಥ ಹೂಂ ಅದು. ಟೀ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ನಮ್ಮನೆಯವರಿಗೆ ಹೇಳುವುದಕ್ಕೆ ನಾನು ಬಾಯಿ ನೋಯಿಸಿಕೊಳ್ಳಲಿಲ್ಲ. ಶೆಡ್ಡಿಗೆ ಕರೆದುಕೊಂಡು ಹೋಗಿ, ಅಪ್ಪನ ಸೀಟಿನಲ್ಲಿ ಕೂರಿಸಿ, ತಟ್ಟಿ ನೋಡಿ ಎಂದೆ. ತಟ್ಟಿದರು. ದಿಂಬಿಗೆ ಗುದ್ದಿದ ಹಾಗಾಯಿತು. ಮತ್ತೆ ಜೋರಾಗಿ ತಟ್ಟಿದರು. ಊರಗಲವಿದ್ದ ಮುಖ ನೋಡುನೋಡುತ್ತಲೇ ಇಷ್ಟೇ ಇಷ್ಟಾಯಿತು.

“ಎಷ್ಟು ಸಲ ತಟ್ಟಿದ್ರಂತೆ?” ಎಂದು ಮೆಲ್ಲಗೆ ಕೇಳಿದರು.

ಗೆಣ್ಣು ಕಂದುವಷ್ಟು ಎಂದೆ. ಪಾಸಾದ ಮನುಷ್ಯ ಆ ದಿನ ಊಟ ಸರಿಯಾಗಿ ಮಾಡಲಿಲ್ಲ.

ಹಳೇ ಹಲಗೆ ಎಲ್ಲಿ ಹೋಯಿತೆಂದು ನಾನು ಹೆದರಿದ್ದೆ. ಕಿತ್ತ ಹಲ್ಲನ್ನು ಹಿಂದೆಮುಂದೆ ನೋಡದೆ ಬುಟ್ಟಿಗೆ ಹಾಕುವವರು ಇವರು. ಆದರೆ ಹಲಗೆಯನ್ನು ಮಾತ್ರ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಕ್ಲಿನಿಕ್ಕಿನ ಬೀರುವಿನ ಹಿಂದೆ ಇಟ್ಟಿದ್ದರು. ವಾರವಿಡೀ ಪೇಷೆಂಟುಗಳು ಹೋದ ಮೇಲೆ ಅದರ ಮುಂದೆ ಕೂತರು. ಸೀಳಿಗೆ ಹಲ್ಲಿನ ಸಿಮೆಂಟು ತುಂಬಿದರು, ಒಣಗಿದ ಮೇಲೆ ಉಜ್ಜಿದರು, ಮರದ ಬಣ್ಣ ಬರುವವರೆಗೆ ಪಾಲಿಶ್ ಕೊಟ್ಟರು. ನಾನು ಒಂದು ದಿನ ಹೋಗಿ ನೋಡಿದೆ. ಎಲ್ಲ ಕನ್ನಡಿಯ ಹಾಗಿತ್ತು, ಅಪ್ಪನ ಗೆಣ್ಣಿನ ಗುಳಿ ಮಾತ್ರ ಹಾಗೇ ಇತ್ತು. ಅದೊಂದನ್ನು ಯಾಕೆ ತುಂಬಲಿಲ್ಲ ಎಂದು ಕೇಳಿದೆ.

“ಅದು ಹುಳುಕಲ್ಲ” ಎಂದರು.

ಈ ಮನುಷ್ಯನನ್ನು ಎಷ್ಟು ಗೇಲಿ ಮಾಡಿದರೂ ನನಗೆ ಸಾಲದು, ನಿಜ. ಆದರೆ ಆ ಮಾತು ಕೇಳಿ ಅವರ ಹೆಗಲ ಮೇಲಿನ ಮರದ ಪುಡಿ ಕೊಡವಿದೆ.

ಸ್ಪಂಜಿನ ಡ್ಯಾಶ್‌ಬೋರ್ಡು ಇಳಿದು ಹಲಗೆ ಮತ್ತೆ ಏರಿತು. ಕನ್ನಡಿ, ದೀಪ, ದವಡೆ, ಕೋರೆ ಎಲ್ಲ ಇನ್ನೊಂದು ಸಲ ಆಯಿತು. ಅಪ್ಪನನ್ನು ಕರೆಯಲು ನಾನೇ ಹೋದೆ. ಮಂಡಿ ನೋವು ಎಂದರು, ಬಿಸಿಲು ಎಂದರು, ಕೊನೆಗೆ ಬಂದರು. ಅಂಗಿಗೆ ಇಸ್ತ್ರಿ ಇರಲಿಲ್ಲ. ಸೀದಾ ಹಿಂದಿನ ಬಾಗಿಲಿಗೆ ಕೈ ಹಾಕಿದರು.

ನಮ್ಮನೆಯವರು ಮುಂದಿನ ಬಾಗಿಲು ತೆರೆದು ಹಿಡಿದುಕೊಂಡು ನಿಂತರು. ಅಪ್ಪ ಅಲ್ಲಿಂದಲೇ ಒಳಗೆ ಇಣುಕಿದರು. ಕಂಡ ಹಲಗೆ ನಿಜವೋ ಅಲ್ಲವೋ ಎಂಬಂತೆ ಹತ್ತಿರ ಬಂದು, ಕೈ ಚಾಚಿ, ಅಂಚಿನಿಂದ ತಡವುತ್ತಾ ಹೋದರು. ಬೆರಳು ಗುಳಿಗೆ ಬಂದು ನಿಂತಿತು. ಗೆಣ್ಣು ಮಡಿಸಿ ಒಂದು ತಟ್ಟಿದರು.

ಟಕ್.

ಆ ಸದ್ದು ಅಪ್ಪನ ಮಂದ ಕಿವಿಗೂ ಕೇಳಿತು. ಅಳಿಯನ ಮುಖವನ್ನೊಮ್ಮೆ ನೋಡಿ, ಮಂಡಿ ಹಿಡಿದುಕೊಂಡು, ಮುಂದಿನ ಸೀಟಿನಲ್ಲಿ ಕೂತರು.

ಗೇಟು ದಾಟುವಷ್ಟರಲ್ಲೇ ಒಂದು ಬಿತ್ತು. ಬ್ಯಾಂಕಿನ ತಿರುವಿನಲ್ಲಿ ಒಂದು, ಏರಿನಲ್ಲಿ ಎರಡು, ಏರು ಮುಗಿಯುವ ಮೊದಲೇ ಮತ್ತೆರಡು. ನಮ್ಮನೆಯವರು ಬೆವರಿಳಿಸಿಕೊಂಡು ನಿಧಾನಿಸಿದರು, ಗೇರು ಬದಲಿಸಿದರು, ಮತ್ತೆ ನಿಧಾನಿಸಿದರು. ಅವರ ಬೆನ್ನು ಮಾತ್ರ ಕಾಣುತ್ತಿದ್ದ ನನಗೂ ಅವರು ನಗುತ್ತಿದ್ದಾರೆಂದು ಗೊತ್ತಾಯಿತು. ಸೇತುವೆಯ ಹತ್ತಿರ ಮೂರು ಬಿತ್ತು. ಕಾರು ನಿಂತಿತು.

ಕಾರಿನೊಳಗೆ ಎಂದೂ ಬಾಯಿ ಬಿಡದ ಅಪ್ಪ ಬಾಯಿ ಬಿಟ್ಟರು.

“ಆ ಕ್ಲಚ್ ಮೇಲಿಂದ ಕಾಲು ತೆಗಿ ಮಾರಾಯ. ಮದುವೆಯಾದಾಗಿಂದ ನೋಡ್ತಾ ಇದ್ದೀನಿ.”

“ಆಯ್ತು ಮಾವ” ಎಂದು ನಮ್ಮನೆಯವರು ಕಾಲು ತೆಗೆದರು. ಅಷ್ಟು ಹೀನಾಯವಾಗಿ ಫೇಲಾದ ಮನುಷ್ಯ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಕಂಡಿಲ್ಲ.

ಮಾರನೆಯ ದಿನ ಅಪ್ಪನನ್ನು ಬ್ಯಾಂಕಿಗೆ ಬಿಡಲು ನಮ್ಮ ಚಿಕ್ಕ ಕಾರು ತೆಗೆದೆವು. ನಾನು ಎಂದಿನಂತೆ ಮುಂದೆ ಕೂತಿದ್ದೆ. ಅಪ್ಪ ಬಂದು ನನ್ನ ಬಾಗಿಲು ತೆಗೆದು, ನಾನು ಇಳಿಯಲೆಂದು ಕಾಯುತ್ತಾ ನಿಂತರು. ಹಿಂದೆ ಮಂಡಿ ತಗಲುತ್ತದಂತೆ.