ಬೋಣಿ ಗಿರಾಕಿ

"ಬನ್ನಿ ಅಮ್ಮಾ, ಕೂತ್ಕಳಿ. ಬೋಣಿ ಟೈಮು, ನೀವು ಕೇಳಿದ ರೇಟಿಗೆ ಕೊಡ್ತೀನಿ," ಎಂದರು ಬಸವರಾಜಪ್ಪ, ಐವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ.

ಕಲ್ಲಮ್ಮ ಸೆರಗು ಹೊದ್ದು ಗಿರಾಕಿಯಂತೆ ಚಾಪೆಯ ಮೇಲೆ ಕೂತರು. ಈ ಆಟ ಹೂಡಿದ್ದು ಸೊಸೆ ಸೌಮ್ಯ. ಮರೆವಿನ ಕಾಯಿಲೆಯವರಿಗೆ ಕೈ ಪಳಗಿದ ಕೆಲಸ ಕೊಡಿ, ಮನಸ್ಸು ಹಗುರಾಗುತ್ತದೆ ಎಂದು ಚಿಕ್ಕಮಗಳೂರಿನ ಡಾಕ್ಟರು ಹೇಳಿದ್ದರು. ಬಣ್ಣದ ಮಣಿ ಪೋಣಿಸಲು ಕೊಟ್ಟರೆ ಬಸವರಾಜಪ್ಪ ಮುಖ ತಿರುಗಿಸಿದರು. ಮೂಡಿಗೆರೆ ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸಿದ ಮನುಷ್ಯ ಮಣಿ ಪೋಣಿಸಿಕೊಂಡು ಕೂರುತ್ತಾರೆಯೇ? ಕೊನೆಗೆ ಸೌಮ್ಯ ಅತ್ತೆಯ ಬೀರುವಿನಲ್ಲಿದ್ದ ಸೀರೆಗಳನ್ನೆಲ್ಲ ತಂದು ಮುಂದೆ ಸುರಿದಳು. ಮುದುಕರ ಕೈಗೆ ಜೀವ ಬಂತು.

ಕಲ್ಲಮ್ಮನಿಗೂ ಆಟ ಹಿಡಿಸಿತ್ತು, ಸುಳ್ಳೇಕೆ. ಗಂಡ ತನ್ನನ್ನು ಗುರುತಿಸದೆ ತಿಂಗಳುಗಳಾಗಿದ್ದವು. ಅವರ ಮನಸ್ಸಿನಲ್ಲಿ ತಾನಿನ್ನು ಎಲ್ಲೂ ಇಲ್ಲವೇನೋ ಎಂಬ ಸಂಕಟ ಒಳಗೇ ಕೊರೆಯುತ್ತಿತ್ತು. ಈಗ ಗಿರಾಕಿಯೆಂದಾದರೂ ಇಷ್ಟು ಉಪಚಾರ! ಸ್ವಲ್ಪ ಬಿಂಕ ಮಾಡೋಣ ಎನ್ನಿಸಿತು. ನೀಲಿ ಬೇಡ ಎಂದರು, ಇನ್ನೊಂದರ ಅಂಚು ಸಣ್ಣದೆಂದರು.

ಬಸವರಾಜಪ್ಪನವರ ಹಣೆ ಬೆವರಿತು. ದಿನದ ಮೊದಲ ಗಿರಾಕಿ ಬರಿಗೈಲಿ ಹೋದರೆ ವ್ಯಾಪಾರ ಕೆಟ್ಟಂತೆಯೇ. ಅಸಲಿಗೇ ಕೊಟ್ಟಾದರೂ ಬೋಣಿ ಮಾಡಿಸುತ್ತಿದ್ದವರು ಅವರು. ಸಾಕು, ಯಾವುದಾದರೂ ಒಂದು ತಗೊಳ್ಳಿ ಎಂದು ಸೌಮ್ಯ ಬಾಗಿಲಿನಿಂದ ಸನ್ನೆ ಮಾಡಿದಳು.

"ಹಾಗಾರೆ ಆ ಹಸಿರು ಕೊಡಿ," ಎಂದರು ಕಲ್ಲಮ್ಮ.

ಬಸವರಾಜಪ್ಪ ಅದನ್ನು ಹಿಂದಕ್ಕೆಳೆದುಕೊಂಡರು. "ಅದೊಂದು ಆಗಲ್ಲ. ನಮ್ಮನೆಯೋಳಿಗೆ ಅಂತ ಎತ್ತಿಟ್ಟಿದ್ದು."

ಕಲ್ಲಮ್ಮ ತಬ್ಬಿಬ್ಬಾದರು. ಮದುವೆಯಾದಾಗಿನಿಂದ ಗಂಡ ತಂದುಕೊಟ್ಟಿದ್ದೆಲ್ಲ ಮಾರಾಟವಾಗದೆ ಉಳಿದ ಸೀರೆಗಳೇ. ಹಾಗೆಂದು ಅವರೇ ಹೇಳುತ್ತಿದ್ದರು. ಓರಗಿತ್ತಿಯರ ಮುಂದೆ ಕಲ್ಲಮ್ಮ ಅದನ್ನು ಹೇಳಿ ನಕ್ಕದ್ದೂ ಉಂಟು, ಒಬ್ಬರೇ ಇದ್ದಾಗ ನೊಂದದ್ದೂ ಉಂಟು.

"ಮನೆಯವ್ರಿಗೆ ಉಳಿದಿದ್ದು ಕೊಟ್ರೆ ಸಾಲ್ದಾ?"

"ಉಳಿದಿದ್ದು ಅಂತ ಸುಳ್ಳು ಹೇಳ್ತೀನಿ ಮಾರಾಯ್ರೆ. ಹೊಸಾದು ಅಂದ್ರೆ ಅಂಗಡಿಗೆ ನಷ್ಟ ಅಂತ ವಾಪಸ್ ಕಳಿಸ್ತಾಳೆ. ಮಾಲು ಬಂದ ಕೂಡ್ಲೆ ಅವಳದ್ದನ್ನ ಮೊದ್ಲು ಆರಿಸಿಡ್ತೀನಿ."

ಕಲ್ಲಮ್ಮ ಏಳುವಂತೆ ಮಾಡಿದರು. "ನಾನು ಬರಿಗೈಲಿ ಹೋದ್ರೆ ಬೋಣಿ ಕೆಡುತ್ತೆ ನೋಡಿ."

ಬಸವರಾಜಪ್ಪ ಯೋಚಿಸಿದರು. ಹಸಿರು ಸೀರೆಯನ್ನು ಎದೆಗೊತ್ತಿಕೊಂಡರು.

"ಕೆಡ್ಲಿ ಬಿಡಿ."

ಸೌಮ್ಯ ಗಾಬರಿಯಿಂದ ಒಳಗೆ ಬರುತ್ತಿದ್ದಳು. ಕಲ್ಲಮ್ಮ ಕೈಯೆತ್ತಿ ತಡೆದರು. ಅವರಿಗೆ ಅಳು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಗಿತ್ತು.

"ಅವ್ರಿಗೆ ಯಾವಾಗ ಕೊಡ್ತೀರಿ?"

"ಸಂಜೆ. ಅಂಗಡಿ ಮುಚ್ಚಿ ಮನೆಗೆ ಹೋಗ್ತೀನಲ್ಲ, ಆಗ."

ಗೋಡೆಯ ಗಡಿಯಾರದಲ್ಲಿ ಇನ್ನೂ ಹತ್ತೂವರೆ. ಕಲ್ಲಮ್ಮ ಎದ್ದು ತಲೆ ಬಾಚಿಕೊಳ್ಳಲು ಹೋದರು.