ಬಿಳಿ ತಿರುಳಿನ ಚೂರು

ಕುದಿಯುವ ಮಡಕೆಯಲ್ಲಿ ನೀರು ಇಳಿಯಬೇಕು, ಏರಬಾರದು.

ಹುಯಿಛುನ್ ಮುಚ್ಚಳವನ್ನು ಎತ್ತಿ ಹಿಡಿದು, ಆವಿ ಚದುರುವವರೆಗೆ ಕಾದು, ಮತ್ತೊಮ್ಮೆ ಬಗ್ಗಿ ನೋಡಿದಳು. ರಾತ್ರಿಯಿಡೀ ಕುದಿದ ಹಂದಿಕಾಲಿನ ಕೊಬ್ಬು ಮಡಕೆಯ ಒಳಮೈಗೆ ಒಂದು ಗೆರೆಯಾಗಿ ಅಂಟಿಕೊಂಡಿತ್ತು. ಅವಳು ಅಂಗಳಕ್ಕೆ ಹೋಗುವಾಗ ಸಾರು ಆ ಗೆರೆಯಿಂದ ಎರಡು ಬೆರಳು ಕೆಳಗಿತ್ತು. ಈಗ ಗೆರೆ ಮುಳುಗಿಹೋಗಿತ್ತು. ಪಕ್ಕದ ಒಲೆಯ ಮೇಲಿದ್ದ ಬಿಸಿನೀರಿನ ಕೆಟಲು ಮಾತ್ರ ಮೂತಿಯವರೆಗೂ ಭರ್ತಿಯಾಗಿ, ಅವಳು ಇಟ್ಟಂತೆಯೇ ಸಿಳ್ಳೆ ಹಾಕುತ್ತಿತ್ತು.

ಅಂದರೆ ಮಡಕೆಗೆ ಬಿದ್ದದ್ದು ತಣ್ಣೀರು. ಸುರಿದವರು ಯಾರು?

ವರ್ಷದ ಅತಿ ಕಿರಿಯ ಹಗಲಿನಂದು ಬಿ ಎಂಬ ಈ ಮನೆತನದವರು ವತ್ಸನಾಭಿ ಬೇರಿನ ಸಾರು ಉಣ್ಣುವುದು ತಲೆಮಾರುಗಳ ರೂಢಿ. ಚೀನಾದ ಯುನ್ನಾನ್ ಪ್ರಾಂತದ ಈ ಬೆಟ್ಟಗಳ ಚಳಿಯನ್ನು ಮೂಳೆಯೊಳಗಿಂದ ಹೊರಗೆ ಓಡಿಸಲು ಅದಕ್ಕಿಂತ ದೊಡ್ಡ ಮದ್ದಿಲ್ಲವೆಂದು ಊರಿನ ನಂಬಿಕೆ. ನಂಟರ ಪ್ರತಿ ಮನೆಯಿಂದಲೂ ಒಂದೊಂದು ಹಿಡಿ ಬೇರು ಬರುತ್ತದೆ. ಎಲ್ಲವೂ ಮೊದಲ ಕುದಿಗೆ ಮುಂಚೆಯೇ ಮಡಕೆಗೆ ಬೀಳಬೇಕು. ಆಮೇಲೆ ಬೇರು ಹಾಕುವಂತಿಲ್ಲ, ತಣ್ಣೀರು ಸೋಕಿಸುವಂತಿಲ್ಲ, ಬೆಂಕಿ ಸೊರಗುವಂತಿಲ್ಲ. ಮಡಕೆ ಕಾಯುವವಳೇ ಮೊದಲ ಗುಟುಕು ರುಚಿ ನೋಡಬೇಕು. ಊದುಬತ್ತಿಯೊಂದು ಉರಿದು ಮುಗಿಯುವವರೆಗೆ ಅವಳ ನಾಲಿಗೆ ಜೋಮು ಹಿಡಿಯದಿದ್ದರೆ ಮಾತ್ರ ಉಳಿದವರು ಬಟ್ಟಲು ಮುಂದೆ ಮಾಡುತ್ತಾರೆ.

ಅತ್ತೆ ತೀರಿಕೊಂಡ ಮೇಲೆ ಸೌಟು ಬಂದದ್ದು ಹಿರಿಸೊಸೆ ಹುಯಿಛುನಳ ಕೈಗೆ. ಜಿಲ್ಲಾಸ್ಪತ್ರೆಯ ಔಷಧಿ ವಿಭಾಗದಲ್ಲಿ ಇದೇ ಬೇರನ್ನು ತೂಗಿ ಕೊಡುವುದು ಅವಳ ಕೆಲಸ. ಹಸಿಯಾಗಿದ್ದಾಗ ಎದೆಬಡಿತವನ್ನು ದಿಕ್ಕೆಡಿಸುವ ವಿಷ, ದೀರ್ಘಕಾಲದ ಕುದಿತದಲ್ಲಿ ಒಡೆದು ನೂರಾರು ಪಾಲು ಸೌಮ್ಯವಾಗುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಸಾಬೀತಾಗಿರುವ ಸಂಗತಿ. ಆದರೆ ಹಾಗೆ ಸೌಮ್ಯವಾದದ್ದು ಮಂಡಿನೋವನ್ನು ನಿಜಕ್ಕೂ ನೀಗುತ್ತದೆಯೇ, ಸೋತ ಹೃದಯಕ್ಕೆ ಆಸರೆಯಾಗುತ್ತದೆಯೇ? ಅವಳು ಓದಿದ ಪರೀಕ್ಷೆಗಳೆಲ್ಲ ಚಿಕ್ಕವು, ಕೆಲವು ಅವಸರದವು. ಹೌದು ಎನ್ನಲೂ ಇಲ್ಲ ಎನ್ನಲೂ ಅವು ಸಾಲುತ್ತಿರಲಿಲ್ಲ. ಆ ಪ್ರಶ್ನೆ ಹಲ್ಲಿನ ಸಂದಿಯ ನಾರಿನಂತೆ ಅವಳನ್ನು ವರ್ಷಗಳಿಂದ ಕಾಡುತ್ತಿತ್ತು.

ಅಂಗಳಕ್ಕೆ ಅವಳನ್ನು ಎಳೆದದ್ದೂ ಇದೇ ಬೇರು. ತುರ್ತು ವಿಭಾಗದ ವೈದ್ಯರು ದೂರವಾಣಿಯಲ್ಲಿ ಕೇಳಿದ್ದರು: "ಮೇಲಿನ ಹಳ್ಳಿಯವರೊಬ್ರು ಬಂದಿದ್ದಾರೆ ಕಣಮ್ಮ, ತುಟಿ ಮರಗಟ್ಟಿದೆ, ಎದೆ ಒಂದು ಲಯದಲ್ಲಿಲ್ಲ. ಕಾಡುಬೇರು ತಿಂದಿರಬಹುದಾ?" ಅದಕ್ಕೆ ಪ್ರತಿವಿಷವೆಂಬುದಿಲ್ಲ, ಯಂತ್ರದ ಗೆರೆಯ ಮೇಲೆ ಕಣ್ಣಿಟ್ಟು ಹೃದಯವನ್ನು ಕಾಯುತ್ತ ಕೂರುವುದೊಂದೇ ದಾರಿ. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಇಲ್ಲಿ ಇಷ್ಟಾಗಿತ್ತು.

ಒಲೆಯ ಪಕ್ಕದ ಬಿದಿರಿನ ಕುರ್ಚಿಯಲ್ಲಿ ಮಾವನ ತಂಗಿ ಶೀ ಅಜ್ಜಿ ಗಲ್ಲ ಎದೆಗೊತ್ತಿ ಕುಳಿತಿದ್ದಳು.

"ಅಜ್ಜಿ, ಮಡಕೆ ಹತ್ರ ಯಾರಾದ್ರೂ ಬಂದಿದ್ರಾ?"

"ಯಾರ್ ಬರ್ತಾರೆ? ಕಾವಲಿಗೆ ನಾನಿಲ್ವಾ!"

"ನೀವು ಗೊರಕೆ ಹೊಡೀತಿದ್ರಿ."

"ಗೊರಕೆ ಅಲ್ಲ ಕಣೇ, ಕಣ್ ಮುಚ್ಕೊಂಡು ಕುದಿಯೋ ಸದ್ದು ಕೇಳಿಸ್ಕೊತಿದ್ದೆ. ನಿಮ್ ಆಸ್ಪತ್ರೇಲಿ ಎದೆಗೆ ಕೊಳವೆ ಇಟ್ಟು ಕೇಳಲ್ವಾ, ಹಾಗೆ."

ಹುಯಿಛುನ್ ನಗಲಿಲ್ಲ. ಸೌಟಿನಿಂದ ಕೆಲವು ಚೂರುಗಳನ್ನು ತಟ್ಟೆಗೆ ಎತ್ತಿಕೊಂಡು ಒಂದೊಂದನ್ನೇ ಕತ್ತರಿಸತೊಡಗಿದಳು. ಸರಿಯಾಗಿ ಬೆಂದ ಬೇರು ಹಳೆಯ ಜೇನಿನಂತೆ ನಡುವಿನವರೆಗೂ ಬೆಳಕು ಹಾಯಿಸಬೇಕು. ಮೊದಲನೆಯದು ಹಾಗಿತ್ತು. ಎರಡನೆಯದೂ ಹಾಗೇ ಇತ್ತು. ಮುಂದಿನದಕ್ಕೆ ಚಾಕು ಇಟ್ಟಾಗ ಕೈಗೆ ಬೇರೆಯದೇ ಬಿಗಿ ತಟ್ಟಿತು. ಸೀಳಿ ನೋಡಿದರೆ ನಟ್ಟನಡುವೆ ಸೀಮೆಸುಣ್ಣದಂಥ ಬಿಳಿ ತಿರುಳು!

ಬಿದ್ದದ್ದು ನೀರು ಮಾತ್ರವಲ್ಲ. ಹಸಿ ಬೇರೂ ಬಿದ್ದಿತ್ತು.

ಅವಳ ಕಣ್ಣು ಮುಚ್ಚಳದ ಹಿಡಿಯ ಮೇಲೆ ನಿಂತಿತು. ಅಲ್ಲೊಂದು ಕೆಮ್ಮಣ್ಣಿನ ಬೆರಳಗುರುತು. ಈ ಕಣಿವೆಯ ಮಣ್ಣು ಕಪ್ಪು. ಕೆಮ್ಮಣ್ಣು ಇರುವುದು ಬೆಟ್ಟದಾಚೆ, ನಾದಿನಿ ಲಿಂಗ್‌ಯಾನಳ ಗಂಡನ ಊರಿನಲ್ಲಿ.

ಏಳು ವರ್ಷಗಳ ಬಳಿಕ ಲಿಂಗ್‌ಯಾನ್ ಇಂದು ಬೆಳಿಗ್ಗೆ ಈ ಮನೆಯ ಹೊಸ್ತಿಲು ತುಳಿದಿದ್ದಳು. ಅತ್ತೆಯ ಹೃದಯ ಸೋಲುತ್ತಿದ್ದ ಆ ಚಳಿಗಾಲದಲ್ಲಿ ಮಗಳು ದೊಡ್ಡ ಊರಿನ ಆಸ್ಪತ್ರೆಗೆ ಒಯ್ಯೋಣವೆಂದಳು. ತಂದೆ ಟಿಂಗ್‌ರುಯಿ ಇದೇ ಬೇರಿನ ಕಷಾಯವನ್ನೇ ನೆಚ್ಚಿ ಕುಳಿತರು. ಶವದ ಮುಂದೆ ಮಗಳು ಆಡಿದ ಮಾತು ಊರಿಗೆಲ್ಲ ನೆನಪಿತ್ತು: "ಅಮ್ಮನ್ನ ಒಂದು ವಿಷದ ಬೇರಿಗೆ ಕೊಟ್ಬಿಟ್ಟೆ ನೀನು." ಕಷಾಯ ಕೊಂದಿತೇ, ಕೆಲವು ದಿನ ಹೆಚ್ಚು ಉಳಿಸಿತೇ, ಏನೂ ಮಾಡಲಿಲ್ಲವೇ? ಹುಯಿಛುನಳಿಗೇ ತಿಳಿದಿರಲಿಲ್ಲ. ಆ ಮಗಳು ಇವತ್ತು ಬುಟ್ಟಿಯಲ್ಲಿ ಬೇರನ್ನೇ ತಂದಿದ್ದಳು. ಶಿಯಾಗುವಾನ್ ಪಟ್ಟಣದ ಬಸ್ಸು ದಾರಿಯಲ್ಲಿ ಕೆಟ್ಟು, ಅವಳು ಬಂದಾಗ ಮಡಕೆ ಕುದಿಯತೊಡಗಿ ಒಂದು ಇರುಳೇ ಕಳೆದಿತ್ತು. ತಂದೆ "ಬಂದ್ಯಾ" ಎಂದಷ್ಟೇ ಹೇಳಿ ಬೆಂಕಿಯತ್ತ ತಿರುಗಿದ್ದರು. ಶೀ ಅಜ್ಜಿ ಮಾತ್ರ ಸುಮ್ಮನಿರದೆ, "ಎಲ್ರ ಮನೆ ಬೇರೂ ಬಿದ್ದಾಯ್ತು, ಮಗಳ ಮನೇದೊಂದು ಬುಟ್ಟೀಲೇ ಉಳೀತು ನೋಡು" ಎಂದು ಚುಚ್ಚಿದ್ದಳು.

ಈಗ ಹುಯಿಛುನ್ ಬಾಯಿ ತೆರೆದರೆ, ಬೇರನ್ನು ವಿಷವೆಂದವಳೇ ಮಡಕೆಗೆ ವಿಷ ಹಾಕಿದಳೆಂದು ಆಗುತ್ತದೆ. ಲಿಂಗ್‌ಯಾನ್ ಈ ಮನೆಗೆ ಇನ್ನೆಂದೂ ಬರಲಾರಳು. ಬಾಯಿ ಮುಚ್ಚಿದರೆ ಇಡೀ ಮನೆತನ ಊಟಕ್ಕೆ ಕೂರುತ್ತದೆ.

ಹಿತ್ತಿಲ ನೀರಿನ ತೊಟ್ಟಿಯ ಬಳಿ ಲಿಂಗ್‌ಯಾನ್ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಹುಯಿಛುನ್ ಅಂಗೈ ತೆರೆದು ಬಿಳಿ ತಿರುಳಿನ ಚೂರನ್ನು ತೋರಿಸಿದಳು.

"ನಿಂದೇನಾ?"

ಲಿಂಗ್‌ಯಾನಳ ಕೈ ನಿಂತಿತು. "ಎರಡೇ ಎರಡು ಗಡ್ಡೆ ಅತ್ತಿಗೆ, ತೆಳ್ಳಗೆ ಹೆಚ್ಚಿ ಹಾಕ್ದೆ. ನೀರು ಕಡಿಮೆ ಕಾಣಿಸ್ತು, ಒಂದು ಚೆಂಬು ಸುರಿದೆ. ನಮ್ಮನೇಲಿ ಪ್ರೆಶರ್ ಕುಕ್ಕರ್‌ನಲ್ಲೇ ಮಾಡೋದು, ಬೇಗ ಆಗೋಗುತ್ತೆ. ಯಾರಿಗೂ ಏನೂ ಆಗಿಲ್ಲ."

"ಇದುವರೆಗೂ ಆಗಿಲ್ಲ ಅನ್ನು. ಇದು ಕುಕ್ಕರ್ ಅಲ್ಲ, ಮಡಕೆ. ಕುಕ್ಕರನ್ನೂ ನಾನು ನಂಬಲ್ಲ."

"ಹಾಗಾದ್ರೆ ಸಂಜೆವರೆಗೂ ಕುದಿಸೋಣ?"

"ಎಷ್ಟು ಕುದಿಸಿದ್ರೆ ಸಾಕು ಅಂತ ನನಗೆ ಗೊತ್ತಿಲ್ಲ ಕಣೇ. ಒಂದು ಗಡ್ಡೆ ಇದ್ದ ಹಾಗೆ ಇನ್ನೊಂದಿರಲ್ಲ. ಒಂದು ಬೆಟ್ಟದ್ದು ಇನ್ನೊಂದು ಬೆಟ್ಟದ್ದರ ಹಾಗಿರಲ್ಲ. ಆಸ್ಪತ್ರೇಲಿ ಈಗೊಬ್ರು ಇದೇ ಬೇರು ತಿಂದು ಮಲಗಿದ್ದಾರಂತೆ, ಅವರ ಮನೆಯವರೂ ಸಾಕು ಅಂದ್ಕೊಂಡೇ ಇಳಿಸಿರ್ತಾರೆ."

ಲಿಂಗ್‌ಯಾನ್ ಬೆಳ್ಳುಳ್ಳಿಯ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಸುಕಿದಳು. "ನಾನು ಹಿತ್ಲ ಬಾಗ್ಲಿಂದ ಹೋಗ್ಬಿಡ್ತೀನಿ. ಅಪ್ಪಂಗೆ ಗೊತ್ತಾಗೋದು ಬೇಡ."

"ಹೋಗೋ ಮಾತು ಆಮೇಲೆ. ಮೊದಲು ಮಡಕೆ ಇಳಿಸ್ಬೇಕು, ಬಾ."

ಅಡುಗೆಮನೆಗೆ ಬಂದ ಹುಯಿಛುನ್ ಹೊಸ್ತಿಲಲ್ಲೇ ನಿಂತಳು. ಒಲೆ ಬರಿದಾಗಿತ್ತು. ಕೆಂಡ ಉರಿಯುತ್ತಿತ್ತು, ಮಡಕೆ ಇರಲಿಲ್ಲ.

"ನಿನ್ ಗಂಡ ಎತ್ಕೊಂಡೋದ ಕಣೇ," ಎಂದಳು ಶೀ ಅಜ್ಜಿ ಆಕಳಿಸುತ್ತ. "ಹೊಟ್ಟೆ ತಾಳ ಹಾಕ್ತಿದೆ ಅಂದ. ನಾನೇ ಬಾಗಿಲು ಹಿಡಿದೆ."

ಅಂಗಳದಲ್ಲಿ ಮೇಜುಗಳ ಸುತ್ತ ನಂಟರೆಲ್ಲ ಕುಳಿತಾಗಿತ್ತು. ಊದುಬತ್ತಿ ಹಚ್ಚಿಯಾಗಿತ್ತು. ಮಡಕೆ ಕಾಯುವವಳು ಕಾಣದ್ದರಿಂದ ಮಾವನೇ ಎದ್ದು ನಿಂತು, ಚಿಕ್ಕ ಬಟ್ಟಲಿಗೆ ಸಾರು ಬಗ್ಗಿಸಿಕೊಂಡು, ಎರಡು ಕೈಯಲ್ಲೂ ಎತ್ತಿ ಹಿಡಿದಿದ್ದರು. ಬಟ್ಟಲಿನ ಅಂಚು ತುಟಿಗೆ ತಾಗುವುದರಲ್ಲಿತ್ತು.

"ಮಾವ, ಬೇಡ!"

ಅವಳ ದನಿಗೆ ಬಟ್ಟಲು ಅಲ್ಲೇ ನಿಂತಿತು. ಹುಯಿಛುನ್ ಓಡಿ ಹೋಗಿ ಅದನ್ನು ಅವರ ಕೈಯಿಂದ ತೆಗೆದುಕೊಂಡಳು. ಎಲ್ಲರ ಕಣ್ಣೂ ಅವಳ ಮೇಲಿತ್ತು. ಎಣಿಸಿಕೊಳ್ಳದ ಮಾತೊಂದು ಬಾಯಿಂದ ಹೊರಬಿತ್ತು:

"ನನಗೆ ಜೊಂಪು ಹತ್ತಿತ್ತು. ನೀರು ಕಡಿಮೆ ಆಗಿತ್ತು, ಗಾಬರೀಲಿ ತಣ್ಣೀರು ಹಾಕ್ಬಿಟ್ಟೆ. ಮಡಕೆ ಕೆಟ್ಟಿದೆ."

"ನೋಡಿದ್ರಾ!" ಬಾಗಿಲಲ್ಲಿ ಬಂದು ನಿಂತಿದ್ದ ಶೀ ಅಜ್ಜಿಗೆ ಹಬ್ಬವಾಯಿತು. "ನನ್ ಗೊರಕೆ ಲೆಕ್ಕ ಹಾಕೋಳು, ತಾನು ಮಲ್ಗಿದ್ದಳಂತೆ! ತೀರಿಹೋದ ನಮ್ಮತ್ತಿಗೆ ಇದ್ದಿದ್ರೆ ಸೌಟು ಕಿತ್ಕೊತಿದ್ಲು."

ಟಿಂಗ್‌ರುಯಿ ಸೊಸೆಯ ಮುಖವನ್ನೇ ನೋಡಿದರು. ಇಷ್ಟು ಚಳಿಗಾಲಗಳಲ್ಲಿ ಅವಳು ಒಲೆಯ ಮುಂದೆ ಒಮ್ಮೆಯೂ ತೂಕಡಿಸಿದ್ದನ್ನು ಅವರು ಕಂಡಿರಲಿಲ್ಲ.

"ಅತ್ತಿಗೆ ಅಲ್ಲ."

ಲಿಂಗ್‌ಯಾನ್ ಮುಂದೆ ಬಂದಿದ್ದಳು. ಮಣ್ಣು ಮೆತ್ತಿದ ಬೆರಳುಗಳನ್ನು ಅವಳು ಬಚ್ಚಿಡಲಿಲ್ಲ. "ನಾನು. ನೀರೂ ನಾನೇ, ಬೇರೂ ನಾನೇ. ನಮ್ಮನೇದೂ ಒಂದು ಹಿಡಿ ಬೀಳ್ಲಿ ಅಂತ. ಮಡಕೆ ಕೆಡಿಸ್ಬೇಕು ಅಂತಲ್ಲ ಅಪ್ಪ."

ಊದುಬತ್ತಿಯ ಬೂದಿ ಮುರಿದು ಮೇಜಿನ ಮೇಲೆ ಬಿತ್ತು. ಮುದುಕ ಕೆಳದುಟಿಯನ್ನು ಕಚ್ಚಿ ಬಿಟ್ಟರು.

"ಉಜ್ಜಿ ತೊಳೆದಿದ್ಯಾ?"

"ಏನು?"

"ಬೇರು ಕಣೇ. ಮಣ್ಣು ಸಮೇತ ಹಾಕಿದ್ಯಾ, ಉಜ್ಜಿ ತೊಳೆದಿದ್ಯಾ?"

"ತೊಳೆದಿದ್ದೆ. ಅಮ್ಮ ಮಾಡ್ತಿದ್ದ ಹಾಗೆ, ಹುಲ್ಲಿನ ಕುಂಚದಲ್ಲಿ. ಬುಟ್ಟಿ ತಳದಲ್ಲಿ ಮಣ್ಣಿತ್ತು, ಕೈಗೆ ಹತ್ತಿದೆ."

"ಹ್ಞಾ." ಅವರು ಬೇರೆ ಕಡೆ ತಿರುಗಿದರು. ಕಣ್ಣಿಗೆ ಹೊಗೆ ಬಂದವರಂತೆ ಒರೆಸಿಕೊಂಡರು. ಆಮೇಲೆ ಮಗನಿಗೆ ಗದರಿದರು: "ಏನೋ ನೋಡ್ತಾ ನಿಂತಿದ್ದೀಯ? ಮಡಕೆ ಒಂದ್ ಕಡೆ ನೀನ್ ಹಿಡ್ಕೋ. ಹಿತ್ತಿಲ್ನಲ್ಲಿ ಗುಂಡಿ ತೋಡು, ಸುಣ್ಣ ತಗೊಂಬಾ. ನಾಯಿಗಳು ಮೂತಿ ಹಾಕ್ಬಾರ್ದು."

ಇರುಳಿಡೀ ಕುದಿದ ಸಾರನ್ನು ಮಣ್ಣು ಕುಡಿಯಿತು. ನಂಟರು ಹಂದಿಕಾಲುಗಳಿಗಾಗಿ ಮರುಗಿದರು, ಸುಣ್ಣದ ಮೇಲೆ ಮಣ್ಣೆಳೆದರು, ಕೈ ತೊಳೆದು ಬಂದು ಮತ್ತೆ ಕುಳಿತರು. ಮೇಜಿಗೆ ಬಂದದ್ದು ಮಕ್ಕಳ ಮಡಕೆ. ಬಸುರಿಯರಿಗೂ ಚಿಕ್ಕವರಿಗೂ ಬೇರಿಲ್ಲದೆ, ಶುಂಠಿಯೊಡನೆ ಬೇರೆಯೇ ಬೇಯಿಸಿದ್ದು. ಅದಕ್ಕೇ ಅಕ್ಕಿರೊಟ್ಟಿಯ ತುಂಡುಗಳನ್ನೂ ಮೂಲಂಗಿಯನ್ನೂ ಸೇರಿಸಿ ಎಲ್ಲರಿಗೂ ಹಂಚಿದರು. ಮಕ್ಕಳು ತಮ್ಮ ಪಾಲು ಕರಗಿತೆಂದು ಮುಖ ಊದಿಸಿಕೊಂಡವು.

ಎರಡನೇ ಬಟ್ಟಲು ಮುಗಿಸಿ ಟಿಂಗ್‌ರುಯಿ ಕಾಲು ಚಾಚಿ ಮಂಡಿಯನ್ನು ತಟ್ಟಿಕೊಂಡರು. "ಆಹಾ, ಬೆಚ್ಚಗಾಯ್ತು. ಈಗ ಗುಡಿ ಮೆಟ್ಲು ಹತ್ಬಹುದು ನೋಡು."

ಹುಯಿಛುನಳ ಊಟದ ಕಡ್ಡಿಗಳು ಬಟ್ಟಲಿನ ಮೇಲೆಯೇ ನಿಂತವು. ಪ್ರತಿ ವರ್ಷವೂ ಇದೇ ದಿನ, ಇದೇ ಕುರ್ಚಿಯಲ್ಲಿ, ಇದೇ ಮಾತು. "ಮಾವ, ಇದ್ರಲ್ಲಿ ಬೇರಿನ ಚೂರೂ ಇರ್ಲಿಲ್ವಲ್ಲ!"

"ಗೊತ್ತು. ನಾಲಿಗೆ ಸತ್ತಿಲ್ಲ ನಂಗೆ."

"ಮತ್ತೆ ಬೆಚ್ಚಗಾಗಿದ್ದು ಯಾವುದರಿಂದ? ಶುಂಠಿನಾ, ಕೊಬ್ಬಾ, ಬಿಸಿಲಾ?"

ಮುದುಕ ಬಟ್ಟಲುಗಳನ್ನು ಎತ್ತುತ್ತಿದ್ದ ಮಗಳ ಬೆನ್ನನ್ನು ನೋಡಿದರು.

ಹುಯಿಛುನಳಿಗೆ ಈಗ ಸುಮ್ಮನಿರಲಾಗಲಿಲ್ಲ. "ಮುಂದಿನ ವರ್ಷ ಎರಡು ಮಡಕೆ ಇಡೋಣ ಮಾವ. ಆಸ್ಪತ್ರೇಲಿ ಹದ ಮಾಡಿದ ಬೇರು ಒಂದರಲ್ಲಿ. ಇನ್ನೊಂದರಲ್ಲಿ ಬೇರು ಇಲ್ಲ, ರುಚಿಗೆ ಏನಾದ್ರೂ ಕಹಿ. ಹೃದಯ ಗಟ್ಟಿ ಇದ್ದೋರು ಮಾತ್ರ, ಒಪ್ಪಿದೋರು ಮಾತ್ರ ಕೂರ್ಲಿ. ಯಾರ ಬಟ್ಟಲಿಗೆ ಯಾವುದು ಬಿತ್ತು ಅಂತ ಮಡಕೆ ಕಾಯೋಳಿಗೆ ಬಿಟ್ಟು ಯಾರಿಗೂ ಗೊತ್ತಿರ್ಬಾರ್ದು. ಯಾರ ಮಂಡಿ ಬೆಚ್ಚಗಾಯ್ತು ಅಂತ ಆಮೇಲೆ ಕೇಳೋಣ."

"ಮುದುಕ್ರನ್ನ ಪ್ರಯೋಗದ ಇಲಿ ಮಾಡ್ತಾಳಂತೆ!" ಎಂದಳು ಶೀ ಅಜ್ಜಿ. ಸ್ವಲ್ಪ ಹೊತ್ತಿಗೆ ತಡೆಯಲಾರದೆ, "ನನ್ ಹೆಸ್ರೂ ಸೇರ್ಸ್ಕೊಳೇ. ಯಾವ ಮಡಕೇದು ಅಂತ ಕಣ್ ಮುಚ್ಕೊಂಡೇ ಹೇಳ್ತೀನಿ" ಎಂದಳು.

ಟಿಂಗ್‌ರುಯಿ ಗಂಟಲು ಸರಿಪಡಿಸಿಕೊಂಡರು. ಮಾತು ಸೊಸೆಗೆ, ದನಿ ಮಾತ್ರ ಮಗಳಿಗೆ ಕೇಳಿಸುವಷ್ಟು ದೊಡ್ಡದಾಗಿತ್ತು.

"ಎರಡು ಮಡಕೆ ಅಂದ್ರೆ ಒಬ್ಬಳ ಕೈಲಾಗಲ್ಲ. ಇನ್ನೊಬ್ಬಳು ಬೇಕು. ಹಿಂದಿನ ದಿನದ ಬಸ್ಸಿಗೇ ಬರೋಕೆ ಹೇಳು ಅವಳಿಗೆ."

ತೊಟ್ಟಿಯ ಬಳಿ ಲಿಂಗ್‌ಯಾನ್ ತೊಳೆಯುತ್ತಿದ್ದ ಬಟ್ಟಲುಗಳ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.